ಗದ್ದೆ ಬದುವಿನ ಕೆಂಪು ಹೂ, ಹಳಿ ಪಕ್ಕದ ಹುಲ್ಲು: ಜಪಾನಿನ ಹಳ್ಳಿ ರೈಲಿನ ಮಾದರಿಗೆ ಗಿಡಮರ ಕೂರಿಸುವುದು ಹೇಗೆ?

ಜಪಾನಿನ ರೈಲು ಮಾದರಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಹಳಿ ಹಾಕು, ಪಕ್ಕದಲ್ಲಿ ನಾಲ್ಕು ಗುಲಾಬಿ ಬಣ್ಣದ ಚೆರ್ರಿ ಮರ ನೆಡು, ಮುಗೀತು. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಚೆಂದ ಕಾಣಲಿ ಅಂತ ಅದೇ ಚೆರ್ರಿ ಮರದ ಬುಡಕ್ಕೆ ಹಿಗನ್‌ಬಾನದ ಕೆಂಪು ಹೂ ಬೇರೆ ಇಟ್ಟೆ. ಹಿಂದಿನ ಗದ್ದೆಯಲ್ಲಿ ಆಗಷ್ಟೇ ನಾಟಿ ಮಾಡಿದ ಪೈರು. ಜಪಾನಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದ ಗೆಳೆಯ ಅದನ್ನು ನೋಡಿ, "ಇದು ಏಪ್ರಿಲ್ಲೋ, ಮೇನೋ, ಸೆಪ್ಟೆಂಬರೋ? ಒಂದು ತೀರ್ಮಾನ ಮಾಡಪ್ಪಾ" ಅಂದ. ಯುಗಾದಿಯ ಬೇವಿನ ಹೂವಿನ ಪಕ್ಕದಲ್ಲಿ ಸಂಕ್ರಾಂತಿಯ ಸೊಗಡು ಅವರೆ ರಾಶಿ ಹಾಕಿದ ಹಾಗಿತ್ತು ನನ್ನ ಕೆಲಸ. ಅಲ್ಲಿನವರಿಗೆ ಅದು ಒಂದೇ ನೋಟಕ್ಕೆ ಗೊತ್ತಾಗಿಬಿಡುತ್ತದೆ.

ಅದಾದ ಮೇಲೆ ಮಾಡಿದ ಮಾದರಿ ಪರವಾಗಿಲ್ಲ ಅನ್ನುವಂತೆ ಬಂತು. ಅದನ್ನು ಹೇಗೆ ಮಾಡಿದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಳತೆ 1:150, ಅಂದರೆ ನಿಜದ 150 ಮಿ.ಮೀ. ಇಲ್ಲಿ 1 ಮಿ.ಮೀ. ಜಪಾನಿನ ಎನ್ ಗೇಜ್ (9 ಮಿ.ಮೀ. ಹಳಿಯ) ಮಾದರಿಗಳಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲು ಬಿಟ್ಟರೆ ಹೆಚ್ಚಿನವು ಇದೇ ಅಳತೆಯವು. ಹಲಗೆ 600 ಮಿ.ಮೀ. ಉದ್ದ, 300 ಮಿ.ಮೀ. ಅಗಲ.

ಮೊದಲು ಊರು, ಆಮೇಲೆ ವಾರ

ಗಿಡ ಕೊಳ್ಳುವ ಮೊದಲು ಎರಡು ವಿಷಯ ಕಾಗದದ ಮೇಲೆ ಬರೆದುಕೊಳ್ಳಿ. ಯಾವ ಲೈನು? ವರ್ಷದ ಯಾವ ವಾರ? "ಶರತ್ಕಾಲ" ಅಂತ ಬರೆದರೆ ಸಾಲದು. ಸೆಪ್ಟೆಂಬರ್ ಕೊನೆಗೂ ನವೆಂಬರ್ ಕೊನೆಗೂ ಹಳಿ ಪಕ್ಕದ ಬಣ್ಣವೇ ಬೇರೆ.

ನಾನು ಆರಿಸಿದ್ದು ಕೊಮಿನಾತೊ ರೈಲ್ವೆ. ಟೋಕಿಯೋದಿಂದ ಕೊಲ್ಲಿಯ ಆಚೆ, ಚಿಬಾ ಪ್ರಾಂತ್ಯದ ಬೋಸೊ ಪರ್ಯಾಯ ದ್ವೀಪದಲ್ಲಿದೆ. ಗೊಯಿಯಿಂದ ಕಜುಸಾ ನಕಾನೊವರೆಗೆ 39.1 ಕಿ.ಮೀ., ವಿದ್ಯುತ್ ತಂತಿ ಇಲ್ಲ, ಡೀಸೆಲ್ ಗಾಡಿ. ಮೊದಲ ಭಾಗ ಶುರುವಾಗಿದ್ದು 1925ರಲ್ಲಿ, ಕೊನೆ ಮುಟ್ಟಿದ್ದು 1928ರಲ್ಲಿ. 1961ರಿಂದ ಬಂದ ಕಿಹಾ 200 ಗಾಡಿಗಳು ಕೆನೆ ಮತ್ತು ಕೆಂಪು ಬಣ್ಣದಲ್ಲಿ ಈ ಲೈನಿನ ಗುರುತೇ ಆಗಿಬಿಟ್ಟಿವೆ. ಮಾದರಿ ತಯಾರಿಸುವ ಟೊಮಿಟೆಕ್ ಕಂಪನಿಯ ರೈಲ್ವೆ ಕಲೆಕ್ಷನ್ ಸರಣಿಯಲ್ಲಿ ಇದರ ಮಾದರಿ ಬಂದಿದೆ. ಅದರೊಳಗೆ ಮೋಟರ್ ಇರುವುದಿಲ್ಲ, ಬೇರೆ ಕೊಂಡು ಹಾಕಬೇಕು. ತಂತಿ ಕಂಬ ಇಲ್ಲದ ಲೈನು ಆರಿಸಿದ್ದಕ್ಕೆ ಸೋಮಾರಿತನವೂ ಒಂದು ಕಾರಣ, ಸುಳ್ಳು ಹೇಳುವುದಿಲ್ಲ.

ಈಗ ವಾರ. ಬೋಸೊ ಕಡೆಯ ವರ್ಷ ಹೀಗೆ ಸಾಗುತ್ತದೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೆ ಚೆರ್ರಿ ಹೂ. ಅದರ ಕಾಲಡಿಯಲ್ಲೇ ನಾನೊಹಾನಾ. ಅದು ನಮ್ಮ ಸಾಸಿವೆಯ ದಾಯಾದಿ, ಅದೇ ಹಳದಿ. ಈ ಎರಡನ್ನು ಮಾತ್ರ ಧೈರ್ಯವಾಗಿ ಜೊತೆಗಿಡಬಹುದು. ಏಪ್ರಿಲ್ ಕೊನೆಗೆ ಗದ್ದೆಗೆ ನೀರು, ಮೇ ಮೊದಲ ವಾರದ ಹೊತ್ತಿಗೆ ನಾಟಿ. ಜೂನ್, ಜುಲೈ ಮಳೆಗೆ ಹೈಡ್ರಾಂಜಿಯಾ ನೀಲಿ. ಚಿಬಾದಲ್ಲಿ ಭತ್ತ ಬೇಗ ಬರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಿಗೆ ಬಹಳ ಕಡೆ ಕೊಯ್ಲು. ಸೆಪ್ಟೆಂಬರ್ ಕೊನೆಯಲ್ಲಿ ಬದುವಿನ ಮೇಲೆ ಹಿಗನ್‌ಬಾನ. ಅಕ್ಟೋಬರ್, ನವೆಂಬರಿನಲ್ಲಿ ಸುಸುಕಿ ಹುಲ್ಲು ಬೆಳ್ಳಿಯಾಗುತ್ತದೆ, ಅಮೆರಿಕದಿಂದ ಬಂದ ಗೋಲ್ಡನ್‌ರಾಡ್ ಹಳದಿಯಾಗುತ್ತದೆ. ಎಲೆ ಉದುರಿದ ಕಾಕಿ ಮರದಲ್ಲಿ ಕಿತ್ತಳೆ ಬಣ್ಣದ ಹಣ್ಣು ನೇತಾಡುವುದು ನವೆಂಬರಿನಲ್ಲಿ.

ನನ್ನ ವಾರ ಸೆಪ್ಟೆಂಬರ್ 25ರ ಆಸುಪಾಸು. ಕೊಯ್ಲಾದ ಗದ್ದೆ, ಕೆಂಪು ಹೂ, ಇನ್ನೂ ಹಸಿರಾಗಿರುವ ಗುಡ್ಡ. ಇದನ್ನು ಹಲಗೆಯ ಬೆನ್ನಿಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟೆ. ಆಮೇಲೆ ಅಂಗಡಿಯಲ್ಲಿ ಯಾವ ಚೆಂದದ ಮರ ಕಂಡರೂ ಆ ಬರಹವನ್ನು ನೆನೆದು ಕೈ ಹಿಂದೆ ತೆಗೆಯುತ್ತಿದ್ದೆ.

ನೋಡಿ ಕಲಿಯಲು ಡ್ರೈವರ್ ಸೀಟಿನಿಂದ ತೆಗೆದ ವಿಡಿಯೋಗಳಷ್ಟು ಒಳ್ಳೆಯದು ಇನ್ನೊಂದಿಲ್ಲ. ಜಪಾನಿನ ಹೆಚ್ಚುಕಮ್ಮಿ ಎಲ್ಲ ಲೈನಿಗೂ ಸಿಗುತ್ತವೆ. ಚಿತ್ರ ತೆಗೆದ ತಿಂಗಳು ಯಾವುದು ನೋಡಿಕೊಳ್ಳಿ. ನಿಲ್ಲಿಸಿ, ಹಳಿಯಿಂದ ಶುರು ಮಾಡಿ ಹೊರಗೆ ಹೋಗುತ್ತಾ ಏನೇನಿದೆ ಬರೆದುಕೊಳ್ಳಿ. ಹತ್ತು ಕಡೆ ನಿಲ್ಲಿಸಿದರೆ ಲೈನಿನ ಸ್ವಭಾವ ತಿಳಿಯುತ್ತದೆ.

ಅಳತೆಯ ಲೆಕ್ಕ ಒಂದು ಸಲ ಮಾಡಿಬಿಡಿ

600 ಮಿ.ಮೀ. ಹಲಗೆ ಅಂದರೆ ನಿಜದಲ್ಲಿ ಬರೀ 90 ಮೀಟರ್. 20 ಮೀಟರಿನ ಒಂದು ಗಾಡಿ 133 ಮಿ.ಮೀ. ಆಗುತ್ತದೆ. ಅಷ್ಟು ಜಾಗದಲ್ಲಿ ನಿಲ್ದಾಣ, ಸೇತುವೆ, ಸುರಂಗ, ಗುಡಿ ಎಲ್ಲ ತುರುಕಿದರೆ ಹಳ್ಳಿ ಹೋಗಿ ಜಾತ್ರೆಯಾಗುತ್ತದೆ. ಒಂದು ಗದ್ದೆ, ಒಂದು ಗೇಟು, ಒಂದು ಕಾಡಿನಂಚು. ಸಾಕು.

ಗಿಡಗಳ ಎತ್ತರವನ್ನೂ ಭಾಗಿಸಿಟ್ಟುಕೊಳ್ಳಿ. ಹಿಗನ್‌ಬಾನ 30ರಿಂದ 50 ಸೆಂ.ಮೀ., ಅಂದರೆ ನಮ್ಮಲ್ಲಿ 2ರಿಂದ 3 ಮಿ.ಮೀ. ಸುಸುಕಿ ಆಳೆತ್ತರ, ಸುಮಾರು 10 ಮಿ.ಮೀ. ಬೆಳೆದ ಸುಗಿ ಮರ (ಸೂಜಿಯೆಲೆಯ, ನೆಟ್ಟಗೆ ಬೆಳೆಯುವ ಜಪಾನಿನ ಮರ) 20 ಮೀಟರ್ ಅಂದರೂ 133 ಮಿ.ಮೀ. ಹೌದು, ಒಂದು ಬೋಗಿಯ ಉದ್ದದಷ್ಟು ಎತ್ತರ! ಅಂಗಡಿಯಲ್ಲಿ ಸಿಗುವ 60 ಮಿ.ಮೀ. ಮರ ನೆಟ್ಟರೆ ಅದು ಸುಗಿ ಸಸಿ ಅಷ್ಟೇ. ನಾವು ಮಾದರಿ ಮಾಡುವವರು ಹೂವನ್ನು ದೊಡ್ಡದು ಮಾಡುತ್ತೇವೆ, ಮರವನ್ನು ಚಿಕ್ಕದು ಮಾಡುತ್ತೇವೆ. ಎರಡೂ ತಪ್ಪು, ಎರಡೂ ಒಟ್ಟಿಗೆ ಆಗುವುದೇ ಜಾಸ್ತಿ.

ಇನ್ನೊಂದು ಲೆಕ್ಕ. ಜಪಾನಿನ ಹಳ್ಳಿ ಲೈನುಗಳ ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ, 1067 ಮಿ.ಮೀ. ಅದನ್ನು 150ರಿಂದ ಭಾಗಿಸಿದರೆ 7.1. ಆದರೆ ನಮ್ಮ ಮಾದರಿ ಹಳಿ 9 ಮಿ.ಮೀ. ಹಾಗಾಗಿ ಹಳಿ ಯಾವಾಗಲೂ ಸ್ವಲ್ಪ ಅಗಲ ಕಾಣುತ್ತದೆ. ಇದಕ್ಕೆ ಮದ್ದು ಹುಲ್ಲೇ. ಸ್ಲೀಪರ್‌ಗಳ ತುದಿಯನ್ನು ಅಲ್ಲಲ್ಲಿ ಜಲ್ಲಿ, ಕಳೆ ಮುಚ್ಚುವಂತೆ ಮಾಡಿದರೆ ಕಣ್ಣಿಗೆ ಹಳಿ ಕಿರಿದಾಗಿ ಕಾಣುತ್ತದೆ.

ಏರಿ, ಕಾಲುವೆ, ಗದ್ದೆ

ಹಳಿಯನ್ನು ಗದ್ದೆಯ ಮಟ್ಟದಲ್ಲೇ ಕೂರಿಸಬೇಡಿ. ಒಂದು, ಒಂದೂವರೆ ಮೀಟರಿನ ಏರಿ ಇರಲಿ, ಅಂದರೆ 7ರಿಂದ 10 ಮಿ.ಮೀ. ಆ ಇಳಿಜಾರೇ ಮುಂದೆ ನಿಮ್ಮ ಗಿಡಗಳ ಮನೆ. ಏರಿಯ ಬುಡದಲ್ಲಿ ಕಿರಿದಾದ ಕಾಂಕ್ರೀಟ್ ಕಾಲುವೆ, ಅದರಾಚೆ ಮಣ್ಣಿನ ಗಾಡಿದಾರಿ, ಆಮೇಲೆ ಬದು, ಗದ್ದೆ.

ಅಡಿಗೆ ಗಟ್ಟಿ ಫೋಮ್ ಹಲಗೆ ಒಳ್ಳೆಯದು. ಥರ್ಮಾಕೋಲ್ ಅಗ್ಗ, ಆದರೆ ಕೊರೆದರೆ ಮನೆ ತುಂಬಾ ಬಿಳಿ ಗುಳಿಗೆ. ನಾನು ಥರ್ಮಾಕೋಲಿನ ಮೇಲೆ ಡಬ್ಬಿಯ ಸ್ಪ್ರೇ ಬಣ್ಣ ಹೊಡೆದು ಒಂದು ಇಡೀ ಗುಡ್ಡ ಕರಗಿಸಿಕೊಂಡಿದ್ದೇನೆ. ಕಣ್ಣೆದುರೇ ಬೆಣ್ಣೆಯ ಹಾಗೆ ಕುಸಿಯಿತು. ಮೊದಲು ಫೆವಿಕಾಲ್ ಮತ್ತು ಕಾಗದದ ಒಂದು ಪದರ, ಅದರ ಮೇಲೆ ನೀರಿನಲ್ಲಿ ಕಲಸುವ ಬಣ್ಣ. ಸ್ಪ್ರೇ ಬೇಡವೇ ಬೇಡ.

ಜಪಾನಿನ ಗದ್ದೆಗಳ ಅಳತೆ ಗೊತ್ತಿದ್ದರೆ ಒಳ್ಳೆಯದು. ಭೂಮಿ ಒಟ್ಟು ಮಾಡಿ ನೇರ ಮಾಡಿದ ಮೇಲೆ ಸಾಮಾನ್ಯವಾದ ಗದ್ದೆ 100 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಹಲಗೆಯಲ್ಲಿ ಅದು 667 ಮಿ.ಮೀ. ಉದ್ದ ಆಗುತ್ತದೆ, ಹಿಡಿಸುವುದೇ ಇಲ್ಲ. ಆದ್ದರಿಂದ ಗುಡ್ಡದ ಸಂದಿನ ಹಳೇ ಗದ್ದೆಗಳನ್ನು ಆರಿಸಿ. ಅವು ಚಿಕ್ಕವು, ಸೊಟ್ಟಗಿನವು, ಒಂದಕ್ಕಿಂತ ಒಂದು ಗೇಣು ತಗ್ಗಿನಲ್ಲಿರುವವು. ಮಲೆನಾಡಿನವರಿಗೆ ಇದನ್ನು ವಿವರಿಸುವುದೇ ಬೇಡ. ಬದುವಿನ ಅಗಲ 2ರಿಂದ 3 ಮಿ.ಮೀ. ಸಾಕು.

ಮಣ್ಣಿನ ಬಣ್ಣದಲ್ಲಿ ನಮ್ಮವರು ಎಡವುವುದು ಇಲ್ಲೇ. ಹಿತ್ತಲಿನ ಕೆಂಪು ಮಣ್ಣನ್ನು ಜರಡಿ ಹಿಡಿದು ಸುರಿದರೆ ಅದು ಕೋಲಾರವಾಗುತ್ತದೆ, ಚಿಬಾ ಆಗುವುದಿಲ್ಲ. ಅಲ್ಲಿನ ಗದ್ದೆ ಮಣ್ಣು ಬೂದು ಮಿಶ್ರಿತ ಕಂದು. ಒದ್ದೆಯಾದರೆ ಕಪ್ಪಿಗೆ ಹತ್ತಿರ. ಕಾಫಿ ಬಣ್ಣಕ್ಕೆ ಚೂರು ಬೂದು ಸೇರಿಸಿದರೆ ಹತ್ತಿರ ಬರುತ್ತದೆ.

ಕೂಳೆಯ ಸಾಲು ಹೀಗೆ ಮಾಡಿದೆ. ಜಪಾನಿನಲ್ಲಿ ನಾಟಿ ಯಂತ್ರದ ಸಾಲುಗಳ ನಡುವೆ 30 ಸೆಂ.ಮೀ. ಇರುತ್ತದೆ, ಅಂದರೆ ನಮಗೆ 2 ಮಿ.ಮೀ. ಅಷ್ಟು ಸಂದಿರುವ ಒಂದು ಹಳೇ ಬಾಚಣಿಗೆ ಹುಡುಕಿ. ಗದ್ದೆಯ ಮೇಲೆ ಮಣ್ಣಿನ ಬಣ್ಣ ಕಲಸಿದ ಫೆವಿಕಾಲನ್ನು ತೆಳುವಾಗಿ ಬಳಿದು, ಬಾಚಣಿಗೆಯಿಂದ ಒಂದೇ ದಿಕ್ಕಿಗೆ ಎಳೆಯಿರಿ. ಗೆರೆ ಏಳುತ್ತದೆ. ಒಣಗಿದ ಮೇಲೆ ಗೆರೆಯ ತುದಿಗೆ ಮಾತ್ರ ಅಂಟು ಮುಟ್ಟಿಸಿ, ಮಾದರಿಗೆ ಹುಲ್ಲಾಗಿ ಬಳಸುವ ನಾರಿನಲ್ಲಿ ಒಣಹುಲ್ಲಿನ ಬಣ್ಣದ 1 ಮಿ.ಮೀ. ಉದ್ದದ್ದನ್ನು ಉದುರಿಸಿ. ಇಷ್ಟಕ್ಕೆ ಹೆಚ್ಚಿನವರು ನಿಲ್ಲಿಸುತ್ತಾರೆ. ಆದರೆ ಆಗಸ್ಟಿನಲ್ಲಿ ಕೊಯ್ದ ಕೂಳೆ ಸೆಪ್ಟೆಂಬರ್ ಕೊನೆಗೆ ಸುಮ್ಮನೆ ಇರುವುದಿಲ್ಲ. ಬಿಸಿಲು, ಮಳೆ ಎರಡೂ ಇರುವುದರಿಂದ ಮತ್ತೆ ಚಿಗುರುತ್ತದೆ. ಕಂದು ಕೂಳೆಯ ಮೇಲೆ ಬಾಳೆಸುಳಿಯಂಥ ತಿಳಿಹಸಿರು. ಆ ಹಸಿರನ್ನು 2 ಮಿ.ಮೀ. ನಾರಿನಲ್ಲಿ ಅಲ್ಲಲ್ಲಿ ಸೇರಿಸಿದ ಮೇಲೆ ನನ್ನ ಗದ್ದೆಗೆ ಜೀವ ಬಂತು. ಒಂದು ಮೂಲೆಯಲ್ಲಿ ಕೊಯ್ಲು ಯಂತ್ರ ಓಡಿದ ಗುರುತು ಎರಡು ಗೆರೆ, ಅದರಲ್ಲಿ ಹೊಳೆಯುವ ವಾರ್ನಿಶ್ ಒಂದೆರಡು ಹನಿ. ತೂಫಾನಿನ ಕಾಲ, ನೀರು ನಿಂತಿರುತ್ತದೆ.

ಬೋಸೊ ಗುಡ್ಡಗಳಲ್ಲಿ ಕಾಡುಹಂದಿ ಕಾಟ ಜೋರು. ಗದ್ದೆಯ ಸುತ್ತ ಸಣ್ಣ ಗೂಟ, ಎರಡು ಎಳೆ ಕರೆಂಟ್ ತಂತಿ ಇರುತ್ತದೆ. ಹಳೇ ಬ್ರಷ್ಷಿನ ಕೂದಲು ಗೂಟವಾಗುತ್ತದೆ. ತಂತಿ ಬಿಟ್ಟರೂ ನಡೆಯುತ್ತದೆ.

ಹಳಿ ಮತ್ತು ಜಲ್ಲಿ

ಹಳಿಯ ಪಕ್ಕದ ಕೆನ್ನೆಗೆ ಕಾಚಿನ ಬಣ್ಣ ಬಳಿಯಿರಿ. ಮೇಲ್ಮೈ ಒರೆಸಿಬಿಡಿ, ಕರೆಂಟ್ ಹರಿಯಬೇಕು. ಕಾಟೋ, ಟೊಮಿಕ್ಸ್ ಕಂಪನಿಗಳ ಮಾದರಿ ಹಳಿಗಳಲ್ಲಿ ಪ್ಲಾಸ್ಟಿಕ್ ಜಲ್ಲಿದಿಬ್ಬ ಅಂಟಿಕೊಂಡೇ ಬರುತ್ತದೆ. ಅದನ್ನು ಬಳಸಿದರೆ ತಪ್ಪೇನಿಲ್ಲ. ದಿಬ್ಬದ ಅಂಚು ಮಾತ್ರ ಕಾಣಿಸಬಾರದು, ಅಲ್ಲಿ ನಿಜವಾದ ಪುಡಿ ಮತ್ತು ಹುಲ್ಲು ಹತ್ತಿಸಿ.

ಜಲ್ಲಿಕಲ್ಲು ನಿಜದಲ್ಲಿ 2ರಿಂದ 6 ಸೆಂ.ಮೀ. ದಪ್ಪ. 150ರಿಂದ ಭಾಗಿಸಿದರೆ ಅರ್ಧ ಮಿ.ಮೀ.ಗಿಂತ ಕಡಿಮೆ. ಮೈದಾ ಜರಡಿಯಲ್ಲಿ ಇಳಿಯುವ ಮರಳು ಸರಿಹೋಗುತ್ತದೆ. ಹಳಿಗಳ ನಡುವೆ ಸುರಿದು, ಒಣ ಬ್ರಷ್ಷಿನಿಂದ ಸರಿಪಡಿಸಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ನೀರನ್ನು ಸಿಂಪಡಿಸಿ. ಆಮೇಲೆ ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು ಕಲಸಿ ಡ್ರಾಪರಿನಲ್ಲಿ ಬಿಡಿ. ಸೋಪು ನೀರು ಹಾಕದಿದ್ದರೆ ಅಂಟು ಮುತ್ತಾಗಿ ಮೇಲೇ ನಿಲ್ಲುತ್ತದೆ. ಗಾಡಿ ಹಳಿ ಬದಲಿಸುವ ಪಾಯಿಂಟುಗಳ ಹತ್ತಿರ ಅಂಟು ಹೋಗದಂತೆ ಕೈ ಬಿಗಿ ಹಿಡಿಯಿರಿ.

ಹಳ್ಳಿ ಲೈನಿನ ಜಲ್ಲಿ ಹೊಸ ಬೂದು ಬಣ್ಣದ್ದಲ್ಲ. ಬ್ರೇಕಿನ ಕಬ್ಬಿಣದ ಪುಡಿ ಬಿದ್ದು ಹಳಿಗಳ ಅಕ್ಕಪಕ್ಕ ತುಕ್ಕು ಕಂದು ಆಗಿರುತ್ತದೆ. ಗಾಡಿ ನಿಲ್ಲುವ ನಿಲ್ದಾಣದ ಹತ್ತಿರ ಇನ್ನೂ ಗಾಢ.

ಈ ಜಲ್ಲಿಯ ಒಳಗಿನಿಂದಲೇ ಏಳುವ ಒಂದು ಕಳೆ ಇದೆ, ಸುಗಿನಾ. ಕುದುರೆ ಬಾಲದಂಥ ಎಳೆಗಳ ಗಿಡ, ಮೊಳಕಾಲಿಗೂ ಬರುವುದಿಲ್ಲ. ಬೇರು ಎಷ್ಟು ಆಳ ಇಳಿಯುತ್ತದೆ ಅಂದರೆ ಕಿತ್ತರೂ ಮತ್ತೆ ಬರುತ್ತದೆ. ಮಾದರಿಯಲ್ಲಿ 2 ಮಿ.ಮೀ. ತಿಳಿಹಸಿರು ನಾರಿನ ನಾಲ್ಕಾರು ಎಳೆ, ಸ್ಲೀಪರ್ ತುದಿಯಲ್ಲಿ, ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ. ಗಾಡಿ ದಿನವೂ ಓಡುವ ಹಳಿಯ ಮಧ್ಯೆ ಕಡಿಮೆ, ನಿಂತ ಸೈಡಿಂಗಿನಲ್ಲಿ ಧಾರಾಳ.

ಹುಲ್ಲಿನ ಪದರಗಳು

ಹಳಿಯಿಂದ ಹೊರಗೆ ಹೋಗುತ್ತಾ ಗಿಡ ಎತ್ತರವಾಗುತ್ತದೆ. ಇಷ್ಟೇ ನಿಯಮ. ಜಲ್ಲಿಯ ಅಂಚಿನಲ್ಲಿ ಕತ್ತರಿಸಿದ ಅಥವಾ ಔಷಧಿ ಹೊಡೆದ ಗಿಡ್ಡ ಹುಲ್ಲು, ಅರ್ಧ ಕಂದು. ಏರಿಯ ಇಳಿಜಾರಿನಲ್ಲಿ ಮೊಳಕಾಲುದ್ದ. ಏರಿಯ ಬುಡದಲ್ಲಿ ಯಾರೂ ಮುಟ್ಟದ ಕಡೆ ಸುಸುಕಿ ಮತ್ತು ಬಳ್ಳಿ. ಆದರೆ ಬದುವಿನ ಹುಲ್ಲು ಮತ್ತೆ ಗಿಡ್ಡ, ಯಾಕಂದರೆ ಅದು ರೈತನ ಜಾಗ. ಆತ ವರ್ಷಕ್ಕೆ ಹಲವು ಸಲ ಮೆಷಿನ್ನಿನಲ್ಲಿ ಸವರುತ್ತಾನೆ. ಈ ಗಡಿ ಎದ್ದು ಕಾಣಬೇಕು. ರೈಲಿನವರ ಹುಲ್ಲು ಎಲ್ಲಿ ಮುಗಿಯಿತು, ರೈತನದು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸುವ ಹಾಗೆ.

ಹುಲ್ಲು ನಿಲ್ಲಿಸಲು ಸ್ಟ್ಯಾಟಿಕ್ ಗ್ರಾಸ್ ಯಂತ್ರ ಬೇಕು. ವಿದ್ಯುತ್ತಿನ ಸೆಳೆತಕ್ಕೆ ನಾರುಗಳು ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಸೊಳ್ಳೆ ಬ್ಯಾಟನ್ನು ಬಿಚ್ಚಿ ಇದನ್ನು ಮಾಡಿಕೊಳ್ಳುವವರಿದ್ದಾರೆ. ಅದರೊಳಗಿನ ಕೆಪಾಸಿಟರ್ ಸ್ವಿಚ್ ಆರಿಸಿದ ಮೇಲೂ ಹೊಡೆಯುತ್ತದೆ, ಆದ್ದರಿಂದ ಎಲೆಕ್ಟ್ರಾನಿಕ್ಸ್ ಕೈಹಿಡಿದವರು ಮಾತ್ರ ಅದಕ್ಕೆ ಹೋಗಿ. ಉಳಿದವರು ಕೊಂಡುಬಿಡಿ.

ಒಂದೇ ಹಸಿರು ಹಾಕಿದರೆ ಕ್ರಿಕೆಟ್ ಮೈದಾನ. ನಾನು ಪಾಚಿ ಹಸಿರು ಅರ್ಧ, ಗಿಳಿ ಹಸಿರು ಕಾಲು, ಒಣಹುಲ್ಲಿನ ಬಣ್ಣ ಕಾಲು ಕಲಸಿದೆ. ಮೊದಲು 2 ಮಿ.ಮೀ., ಒಣಗಿದ ಮೇಲೆ ಹೇರ್ ಸ್ಪ್ರೇ ಹೊಡೆದು ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ 4 ಮಿ.ಮೀ. ಕೆಳಗೆ ಥರ್ಮಾಕೋಲ್ ಇದ್ದು ಮುಚ್ಚದಿದ್ದರೆ ಹೇರ್ ಸ್ಪ್ರೇಯೂ ಅದನ್ನು ತಿನ್ನುತ್ತದೆ, ನೆನಪಿರಲಿ.

ಹಿಗನ್‌ಬಾನ

ಈ ಹೂವಿಗಾಗಿಯೇ ಮಾದರಿ ಮಾಡಿದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿಗನ್ ಅಂದರೆ ಹಗಲು ರಾತ್ರಿ ಸಮವಾಗುವ ದಿನದ ಆಚೀಚಿನ ವಾರ. ಅಲ್ಲಿನವರು ಹಿರಿಯರ ಸಮಾಧಿಗೆ ಹೋಗಿ ಬರುವ ಕಾಲ. ನಮ್ಮ ಪಿತೃಪಕ್ಷವೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಬರುತ್ತದೆ. ಆ ವಾರಕ್ಕೇ ಸರಿಯಾಗಿ ಅರಳುವ ಹೂ ಇದು. ಇದಕ್ಕೆ ಮಂಜುಶಗೆ ಅಂತ ಇನ್ನೊಂದು ಹೆಸರಿದೆ. ಬೌದ್ಧ ಗ್ರಂಥಗಳ ಮೂಲಕ ಹೋದ ಸಂಸ್ಕೃತದ ಮಂಜೂಷಕ ಅದು.

ಗಡ್ಡೆಯಲ್ಲಿ ವಿಷ ಇದೆ. ಹೆಗ್ಗಣ, ಇಲಿಗಳು ಬದು ಕೊರೆಯದಿರಲಿ ಅಂತ ರೈತರು ಬದುವಿನ ಮೇಲೆ, ಸಮಾಧಿಗಳ ಸುತ್ತ ನೆಟ್ಟರು. ಜಪಾನಿನಲ್ಲಿರುವ ತಳಿ ಬೀಜ ಕಟ್ಟುವುದಿಲ್ಲ, ಗಡ್ಡೆಯಿಂದಲೇ ಹೆಚ್ಚುತ್ತದೆ. ಇದು ಮಾದರಿ ಮಾಡುವವನಿಗೆ ದೊಡ್ಡ ಸುಳಿವು. ಗಾಳಿಗೆ ಹಾರಿ ಎಲ್ಲೆಂದರಲ್ಲಿ ಬೀಳುವ ಹೂ ಅಲ್ಲ ಇದು. ಮನುಷ್ಯ ನೆಟ್ಟ ಕಡೆ, ಗುಂಪು ಗುಂಪಾಗಿ, ಸಾಲಾಗಿ ಇರುತ್ತದೆ. ಬದುವಿನ ಅಂಚು, ಏರಿಯ ಬುಡ, ಕಾಲುವೆ ಪಕ್ಕ, ದಾರಿ ಬದಿಯ ಜಿಜೋ ಎಂಬ ಬೌದ್ಧ ವಿಗ್ರಹದ ಹತ್ತಿರ. ಜಲ್ಲಿಯ ಮಧ್ಯೆ ಇರುವುದಿಲ್ಲ. ಕೆಂಪು ಪುಡಿಯನ್ನು ಚಿಟಿಕೆಯಲ್ಲಿ ಇಡೀ ಇಳಿಜಾರಿಗೆ ಎರಚಿದರೆ ಅದು ಹಿಗನ್‌ಬಾನ ಆಗುವುದಿಲ್ಲ, ಓಕುಳಿಯಾಗುತ್ತದೆ.

ಇನ್ನೊಂದು ಗುಟ್ಟು: ಹೂ ಇರುವಾಗ ಎಲೆ ಇರುವುದಿಲ್ಲ. ನೆಲದಿಂದ ಬೋಳು ಹಸಿರು ಕಡ್ಡಿ, ತುದಿಗೆ ಕೆಂಪು. ಎಲೆ ಬರುವುದು ಹೂ ಬಾಡಿದ ಮೇಲೆ.

ಮಾಡುವ ಬಗೆ ಇದು. ಬದುವಿನ ಗಿಡ್ಡ ಹುಲ್ಲು ಪೂರ್ತಿ ಒಣಗಲಿ. ಹೂ ಬೇಕಾದ ಕಡೆ ಮಾತ್ರ ಹಲ್ಲುಕಡ್ಡಿಯಲ್ಲಿ ಅಂಟಿನ ಚುಕ್ಕೆ ಇಟ್ಟು, 3 ಮಿ.ಮೀ. ತಿಳಿಹಸಿರು ನಾರನ್ನು ತೆಳುವಾಗಿ ನಿಲ್ಲಿಸಿ. ಇವು ಕಡ್ಡಿಗಳು. ಒಣಗಿದ ಮೇಲೆ ಒಂದು ಸ್ಪಂಜಿನ ಚೂರಿಗೆ ಅಂಟು ಸವರಿ, ಕಡ್ಡಿಗಳ ತುದಿಗೆ ಮಾತ್ರ ಮೆಲ್ಲಗೆ ಮುಟ್ಟಿಸಿ. ಕೆಂಪು ಫೋಮ್ ಪುಡಿ ಉದುರಿಸಿ, ಊದಿ. ಹೂ ನೆಲದ ಮೇಲೆ ತೇಲಿದ ಹಾಗೆ ನಿಲ್ಲುತ್ತದೆ. ಕಣ್ಣಿನ ಮಟ್ಟಕ್ಕೆ ಹಲಗೆ ಎತ್ತಿ ನೋಡಿದರೆ ಕೆಂಪಿನ ಕೆಳಗೆ ಒಂದು ಗೆರೆಯಷ್ಟು ಹಸಿರು ಬೆಳಕು ಕಾಣುತ್ತದೆ. ಅದು ಕಂಡರೆ ಗೆದ್ದಿರಿ ಅಂತ ಅರ್ಥ.

ಕೆಂಪಿಗೆ ನಾನು ಮೊದಲು ಬಳಸಿದ್ದು ರಂಗೋಲಿ ಪುಡಿ. ಅಂಟಿನ ನೀರು ತಾಗಿದ್ದೇ ತಡ, ಬಣ್ಣ ಬಿಟ್ಟುಕೊಂಡು ಇಡೀ ಬದು ಗುಲಾಬಿಯಾಯಿತು. ರಾತ್ರಿ ಹನ್ನೊಂದಕ್ಕೆ ಹತ್ತಿ ಹಿಡಿದು ಒರೆಸುತ್ತಾ ಕೂತಿದ್ದೆ. ಸ್ಪಂಜನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಅಕ್ರಿಲಿಕ್ ಕೆಂಪಿನಲ್ಲಿ ಕಲಸಿ ಒಣಗಿಸಿಕೊಳ್ಳಿ. ಅದು ಬಣ್ಣ ಬಿಡುವುದಿಲ್ಲ. ಮಿಕ್ಸಿ ಹಳೆಯದಾಗಿರಲಿ, ಮನೆಯಲ್ಲಿ ಶಾಂತಿ ಇರಬೇಕಲ್ವಾ.

ಎಲ್ಲವೂ ಒಂದೇ ವಾರ ಅರಳುವ ಹೂವಾದರೂ, ಹತ್ತರಲ್ಲಿ ಒಂದು ಗುಂಪನ್ನು ಬಾಡಿದ ಮಸುಕು ಕೆಂಪಿನಲ್ಲಿ ಮಾಡಿ. ಆಗ ಉಳಿದ ಒಂಬತ್ತೂ ನಿಜ ಅನ್ನಿಸುತ್ತವೆ.

ಬಳ್ಳಿ ಮತ್ತು ಸುಸುಕಿ

ಕುಜು ಬಳ್ಳಿ ಜಪಾನಿನ ಹಳಿ ಪಕ್ಕದ ಪುಂಡ. ಇಳಿಜಾರು, ಬೇಲಿ, ಕಂಬದ ಎಳೆತಂತಿ, ಬಿಟ್ಟುಹೋದ ಶೆಡ್ಡು, ಏನು ಸಿಕ್ಕರೂ ಹೊದ್ದುಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿ ಇದು ಪೂರ್ತಿ ಹಸಿರು, ಪೂರ್ತಿ ದಪ್ಪ. ಎಲೆ ಅಂಗೈ ಅಗಲ, ಅಂದರೆ ನಮಗೆ 1 ಮಿ.ಮೀ.ನ ಚೂರು. ತೆಂಗಿನ ನಾರನ್ನು ಬಿಡಿಸಿ ಜೇಡರ ಬಲೆಯಷ್ಟು ತೆಳ್ಳಗೆ ಮಾಡಿ, ಇಳಿಜಾರಿನ ಮೇಲೆ ಹೊದಿಸಿ, ಅಂಟು ಸಿಂಪಡಿಸಿ, ಎಲೆಪುಡಿ ಉದುರಿಸಿ. ಎಲೆಪುಡಿ ಇಲ್ಲದಿದ್ದರೆ ಒಣಗಿದ ಎಲೆಯನ್ನೇ ಉಜ್ಜಿ ಹಸಿರು ಬಳಿದರೂ ಆದೀತು. ಬೇಲಿ ಅಥವಾ ಕಂಬ ಒಂದನ್ನು ಈ ಬಳ್ಳಿ ನುಂಗುತ್ತಿರುವಂತೆ ತೋರಿಸಿ, ಹಳ್ಳಿ ಲೈನು ಅನ್ನುವುದು ಬೇರೆ ಹೇಳಬೇಕಾಗಿಲ್ಲ.

ಸುಸುಕಿಯ ವಿಷಯದಲ್ಲಿ ಕ್ಯಾಲೆಂಡರ್ ನೋಡಿ. ಪುಸ್ತಕದ ಚಿತ್ರಗಳಲ್ಲಿ ಕಾಣುವ ಬೆಳ್ಳಿ ಬಣ್ಣದ ಸುಸುಕಿ ಅಕ್ಟೋಬರ್, ನವೆಂಬರಿನದು. ಸೆಪ್ಟೆಂಬರ್ ಕೊನೆಯಲ್ಲಿ ತೆನೆ ಹೊಸದು, ಕೆಂಪು ಮಿಶ್ರಿತ ಕಂದು, ಇನ್ನೂ ಬಿಚ್ಚಿಕೊಂಡಿರುವುದಿಲ್ಲ. ಹುಲ್ಲು ಪೊರಕೆಯ ಮೃದು ತುದಿಯನ್ನು 10 ಮಿ.ಮೀ. ಕತ್ತರಿಸಿ, ಹತ್ತಿಪ್ಪತ್ತು ಎಳೆಯ ಕಟ್ಟು ಮಾಡಿ, ಬುಡಕ್ಕೆ ಅಂಟು ಹಾಕಿ ನೆಡಿ. ಕೆಳಗಿನ ಮುಕ್ಕಾಲು ಹಸಿರು ಬಳಿಯಿರಿ. ಗೋಲ್ಡನ್‌ರಾಡ್ ಆಸೆ ಇದ್ದರೆ ಹಸಿರು ಕಡ್ಡಿಯಾಗಿಯೇ ಇಡಿ, ಈ ವಾರ ಅದು ಹಳದಿಯಾಗಿಲ್ಲ.

ಕಾಡಿನಂಚು

ಗುಡ್ಡದ ಮೇಲೆ ಕಪ್ಪು ಹಸಿರಿನ ಸುಗಿ ತೋಪು. ಎರಡನೇ ಮಹಾಯುದ್ಧದ ನಂತರ ಮರದ ಅಗತ್ಯಕ್ಕೆ ದೇಶದ ತುಂಬಾ ನೆಟ್ಟದ್ದು ಇದು. ಹಾಗಾಗಿ ಕಾಡಿನ ಹಾಗಲ್ಲ, ಅಡಿಕೆ ತೋಟದ ಹಾಗೆ ಸಾಲು, ಒಂದೇ ವಯಸ್ಸು, ಒಂದೇ ಎತ್ತರ. ಎರಡು ಸಣ್ಣ ತಂತಿಗಳ ನಡುವೆ ಕತ್ತಾಳೆ ನಾರನ್ನು ಅಡ್ಡಡ್ಡ ಇಟ್ಟು, ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಬಾಟಲಿ ಬ್ರಷ್ಷಿನಂತೆ ಆಗುತ್ತದೆ. ಕತ್ತರಿಯಲ್ಲಿ ಕಿರಿದಾದ ಶಂಕುವಾಗಿ ಕತ್ತರಿಸಿ, ಕಡು ಹಸಿರು ಪುಡಿ ಹತ್ತಿಸಿ. ಕಾಂಡ ಕೆಂಪು ಕಂದು. ಮುಂದಿನ ಸಾಲಿಗೆ ಮಾತ್ರ ಕಾಂಡ ಬೇಕು, ಹಿಂದಿನವಕ್ಕೆ ತಲೆ ಸಾಕು. ನಾನು 133ರ ಬದಲು 100 ಮಿ.ಮೀ.ಗೆ ಒಪ್ಪಿಕೊಂಡೆ.

ಸುಗಿಯ ಪಕ್ಕ ಬಿದಿರು ಮೆಳೆ. ನೋಡಿಕೊಳ್ಳುವವರಿಲ್ಲದ ಮೋಸೊ ಬಿದಿರು ತೋಪಿನೊಳಕ್ಕೆ ನುಗ್ಗುತ್ತಿರುತ್ತದೆ. ತೆಂಗಿನ ಕಡ್ಡಿ ಪೊರಕೆಯ ಸಣ್ಣ ತುದಿ ಇದಕ್ಕೆ ಹೇಳಿ ಮಾಡಿಸಿದಂತಿದೆ: ದಪ್ಪ 1 ಮಿ.ಮೀ.ಗಿಂತ ಕಡಿಮೆ, ತುದಿಗೆ ಹೋಗುತ್ತಾ ಸಣ್ಣ, ಸ್ವಲ್ಪ ಬಾಗುತ್ತದೆ ಕೂಡ. 80 ಮಿ.ಮೀ. ಕತ್ತರಿಸಿ ಮೇಲಿನ ಅರ್ಧಕ್ಕೆ ಹಳದಿ ಹಸಿರು ಪುಡಿ ಹತ್ತಿಸಿ, ತಲೆ ಹಳಿಯ ಕಡೆ ಬಾಗುವಂತೆ ನೆಡಿ. ಕಾಡಿನ ನೆಲಕ್ಕೆ ಬಳಸಿದ ಚಹಾ ಪುಡಿ ಚೆನ್ನ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಬಾಣಲೆಯಲ್ಲಿ ಗರಿಗರಿಯಾಗಿ ಹುರಿದುಕೊಳ್ಳಿ.

ರೈಲಿನವರ ಸಾಮಾನು

ಇದು ಬೇಗ ಮುಗಿಯುವ ಕೆಲಸ. ದೂರ ತೋರಿಸುವ ಸಣ್ಣ ಬಿಳಿ ಗೂಟ 100 ಮೀಟರಿಗೊಂದು, ಹಾಗಾಗಿ ನಿಮ್ಮ ಹಲಗೆಗೆ ಹೆಚ್ಚೆಂದರೆ ಒಂದು. ಏರು, ಇಳಿತ ಬದಲಾಗುವ ಕಡೆ ಎರಡು ಕೈಯ ಕಂಬ. ಗೇಟಿಗೆ ಹಳದಿ, ಕಪ್ಪು ಪಟ್ಟೆ. ಹಳೇ ಸ್ಲೀಪರನ್ನೋ ಹಳೇ ಹಳಿಯ ತುಂಡನ್ನೋ ನಿಲ್ಲಿಸಿ ಮಾಡಿದ ಬೇಲಿ. ಗಾಡಿದಾರಿಯಲ್ಲಿ ಬಿಳಿ ಬಣ್ಣದ ಪುಟ್ಟ ಕೇ ಟ್ರಕ್ಕು, ಅದಿಲ್ಲದೆ ಜಪಾನಿನ ರೈತನಿಲ್ಲ.

ನಿಮ್ಮ ಮಾದರಿ 1987ಕ್ಕೆ ಮೊದಲಿನ, ರಾಷ್ಟ್ರೀಯ ರೈಲ್ವೆ ಕಾಲದ ಲೈನಿನದಾದರೆ ಹಳಿ ಪಕ್ಕ ಟೆಲಿಫೋನ್ ತಂತಿ ಕಂಬಗಳ ಸಾಲು ಸೇರಿಸಬಹುದು. ಒಂದರ ಕೆಳಗೊಂದು ಅಡ್ಡಪಟ್ಟಿ, ತುಂಬಾ ಪಿಂಗಾಣಿ ಬುಡ್ಡಿ. ರೈಲು ಹುಚ್ಚಿನವರು ಅದನ್ನು ಹಾಯೆತಾತಾಕಿ ಅನ್ನುತ್ತಾರೆ, ಅಂದರೆ ನೊಣ ಹೊಡೆಯುವ ಬ್ಯಾಟು. ಹುಲ್ಲು ನಿಲ್ಲಿಸಲು ಸೊಳ್ಳೆ ಬ್ಯಾಟು ಬಿಚ್ಚಿದವನಿಗೆ ಈ ಹೆಸರು ಯಾಕೋ ಬಹಳ ಹಿಡಿಸಿತು.

ಬೇರೆ ಊರು ಆರಿಸಿದರೆ

ಗಿಡ ಬದಲಾಗುತ್ತದೆ, ಕ್ರಮ ಇದೇ. ಶಿಜುಓಕಾದ ಓಯಿಗಾವಾ ಲೈನಿಗೆ ದುಂಡಗೆ ಕತ್ತರಿಸಿದ ಚಹಾ ಸಾಲು. ಶಿಕೊಕುವಿನ ಯೊಸಾನ್ ಲೈನಿನ ಕರಾವಳಿಗೆ ಇಳಿಜಾರಿನ ಕಿತ್ತಳೆ ತೋಟ. ಶಿಮಾನೆ ಕಡೆ ಮನೆಗಳಿಗೆ ಕೆಂಪು ಹೆಂಚು. ಹೊಕ್ಕೈಡೊಗೆ ಹೋದರೆ ಮೋಸೊ ಬಿದಿರು ಮರೆತುಬಿಡಿ, ಅಲ್ಲಿ ಬಿಳಿ ತೊಗಟೆಯ ಬರ್ಚ್ ಮರ ಮತ್ತು ಮೊಳಕಾಲುದ್ದದ ಸಾಸಾ ಬಿದಿರು.

ಹಿಮ ಬೀಳುವ ಕಡೆ ಹಳಿ ಪಕ್ಕದ ಸುಗಿ ಸಾಲಿಗೆ ಬೇರೆಯೇ ಕೆಲಸ. ಅವೊಮೊರಿಯ ನೊಹೆಜಿಯಲ್ಲಿ 1893ರಲ್ಲಿ ಹಿಮದ ಗಾಳಿ ತಡೆಯಲೆಂದೇ ಹಳಿಗುಂಟ ಕಾಡು ಬೆಳೆಸಿದರು. ಅಂಥ ಸಾಲು ಹಳಿಗೆ ಸಮಾನಾಂತರವಾಗಿ, ದಟ್ಟವಾಗಿ ಇರಬೇಕು. ಫುಕುಶಿಮಾ, ನೀಗಾತಾ ಪ್ರಾಂತ್ಯಗಳ ತದಾಮಿ ಲೈನು ಮಾಡುವವರು ವರ್ಷವನ್ನೂ ಬರೆದುಕೊಳ್ಳಿ. 2011ರ ಜುಲೈ ನೆರೆಗೆ ಮಧ್ಯದ ಭಾಗ ಕೊಚ್ಚಿಹೋಗಿ, ಪೂರ್ತಿ ಲೈನು ಮತ್ತೆ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. 2020ರ ಮಾರ್ಚಿನಲ್ಲೇ ಅಲ್ಲಿ ಕಿಹಾ 40 ಡೀಸೆಲ್ ಗಾಡಿ ಹೋಗಿ ಕಿಹಾ ಇ120 ಬಂದಿತ್ತು.

ಗಾಡಿ ಓಡಿಸುವ ಮೊದಲು

ಜಪಾನಿನ ಸಾಮಾನ್ಯ ಲೈನುಗಳಲ್ಲಿ ಹಳಿಯ ನಡುಗೆರೆಯಿಂದ ಎರಡೂ ಕಡೆ 1.9 ಮೀಟರ್ ಖಾಲಿ ಬಿಡಬೇಕು. ನಮ್ಮಲ್ಲಿ ಅದು 12.7 ಮಿ.ಮೀ. ತಿರುವಿನಲ್ಲಿ ಇನ್ನೂ ಒಂದೆರಡು ಮಿ.ಮೀ. ಜಾಸ್ತಿ. ರಟ್ಟಿನಲ್ಲಿ ಎರಡೂ ಕಡೆಯ ಆ ಅಗಲ ಸೇರಿಸಿ ಒಂದು ಬಾಗಿಲು ಕತ್ತರಿಸಿ, ಬೋಗಿಯ ಮೂತಿಗೆ ಅಂಟಿಸಿ, ಕೈಯಲ್ಲಿ ತಳ್ಳಿ. ಏನಾದರೂ ತಗುಲಿದರೆ ಆ ಗಿಡ ಹೋಗಲೇಬೇಕು. ಉದುರಿದ ನಾರನ್ನು ವ್ಯಾಕ್ಯೂಮಿನ ಬಾಯಿಗೆ ಹಳೇ ಕಾಲುಚೀಲ ಕಟ್ಟಿ ಎಳೆದುಕೊಳ್ಳಿ. ನಾರು ಮತ್ತೆ ಬಳಕೆಗೆ ಬರುತ್ತದೆ, ಮೋಟರ್ ಗಿಯರಿಗೂ ಸುತ್ತಿಕೊಳ್ಳುವುದಿಲ್ಲ. ಹಳಿಯ ತಲೆಯನ್ನು ಒರೆಸಿ.

ನನ್ನ ಹಲಗೆಯಲ್ಲಿ ರಟ್ಟಿನ ಬಾಗಿಲಿಗೆ ತಗುಲಿದ್ದು ಎರಡು. ತಲೆ ಬಾಗಿದ ಒಂದು ಬಿದಿರು, ಗೇಟಿನ ಪಕ್ಕದ ಒಂದು ಸುಸುಕಿ ಕಟ್ಟು. ಬಿದಿರನ್ನು ಹಿಂದಕ್ಕೆ ಬಗ್ಗಿಸಿದೆ. ಸುಸುಕಿಯನ್ನು ಕಿತ್ತೆ. ಆ ಗುಂಡಿಯಲ್ಲಿ ಬಿಟ್ಟ ಅಂಟಿನ ಕಲೆ ಮುಚ್ಚಲು ನಾಲ್ಕು ಎಳೆ ಸುಗಿನಾ ಹಾಕಿದೆ.